ಮುತ್ತುಗದಕುಂಟೆಗೆ ಬಸ್ಸಿಲ್ಲ

ಮುತ್ತುಗದಕುಂಟೆ
೨೫ ಜನವರಿ ೧೯೮೧, ಭಾನುವಾರ

ನಿಮಗೆ ತುಂಗಾಳ ನಮಸ್ಕಾರ.

ಅತ್ತೆಯವರ ಮಂಡಿನೋವಿಗೆ ಎಕ್ಕದೆಲೆಯ ಶಾಖ ಕೊಟ್ಟು ನೋಡಿದಿರಾ? ಸಂಕ್ರಾಂತಿಗೆ ಬಂದಾಗಲೇ ಹೇಳಬೇಕೆಂದಿದ್ದೆ. ಎಳ್ಳು ಬೀರಿ ಬರುವಷ್ಟರಲ್ಲಿ ರೈಲಿನ ಹೊತ್ತಾಗಿಬಿಟ್ಟಿತು.

ಜನಗಣತಿಯ ಕೆಲಸ ನನಗೂ ಬಂದಿದೆ. ಊರಿಗೆಲ್ಲ ಒಬ್ಬಳೇ ಟೀಚರು, ಬಿಟ್ಟಾರೆಯೇ? ಮಂಗಳವಾರ, ಬುಧವಾರ ಯಲಹಂಕದ ಹೈಸ್ಕೂಲಿನಲ್ಲಿ ತರಬೇತಿ ಕೊಟ್ಟರು. ಅಲ್ಲಿಂದ ಯಶವಂತಪುರಕ್ಕೆ ಎಷ್ಟು ದೂರ ಎಂದು ನೀವು ಕೇಳುತ್ತೀರಿ. ಬರಬಹುದಾಗಿತ್ತು. ಬಂದಿದ್ದರೆ ಮರುದಿನದ ಶಾಲೆ ತಪ್ಪುತ್ತಿತ್ತು. ಸಂಜೆಯ ರೈಲಿಗೆ ರಾಜಾನುಕುಂಟೆಯಲ್ಲಿ ಇಳಿದು, ಐದು ಮೈಲಿ ನಡೆದು ಊರು ಸೇರಿದೆ.

ಊರಿನಲ್ಲಿ ಈಗ ಗಣತಿಯದೇ ಮಾತು. ಹೋದ ವರ್ಷ ಗೌಡರು ಮುನಿಗಂಗಪ್ಪನವರು ಬಸ್ಸು ಬೇಕೆಂದು ಅರ್ಜಿ ಹಿಡಿದು ಹೋಗಿದ್ದರಲ್ಲ, ಆಗ ಯಾರೋ ಸಾಹೇಬರು, "ನಿಮ್ಮೂರಲ್ಲಿ ಐನೂರು ಜನ ಆದ್ರೂ ಇದಾರೇನ್ರೀ? ಇದ್ರೆ ನೋಡೋಣ" ಎಂದಿದ್ದರಂತೆ. ಗೌಡರು ದಿನಾ ಶಾಲೆಯ ಮುಂದೆ ನಿಂತು ನೆನಪಿಸುತ್ತಾರೆ. "ಇದು ಜನದ್ ಲೆಕ್ಕ ಅಲ್ಲ ಮೇಡಂ, ಬಸ್ಸಿನ್ ಲೆಕ್ಕ. ವಸಿ ನೋಡ್ಕಂಡ್ ಬರೀರಿ."

ಫೆಬ್ರವರಿ ಒಂಬತ್ತರಿಂದ ಮಾರ್ಚಿ ಐದರವರೆಗೆ ಊರು ಬಿಡುವ ಹಾಗಿಲ್ಲ. ನೀವೇ ಒಂದು ಭಾನುವಾರ ಬರಬಾರದೇ? ಇತ್ತ ಕಾಲಿಟ್ಟು ಒಂದು ವರ್ಷದ ಮೇಲಾಯಿತು. ಮುನಿಕೆಂಪಮ್ಮ ತನ್ನ ಮನೆಯ ಮುಂದಿನ ಕೋಣೆ ನನಗೆ ಬಿಟ್ಟುಕೊಟ್ಟವಳಲ್ಲವೇ, ನಾನು ಯಾರಿಗೆ ಕಾಗದ ಬರೆಯುತ್ತೇನೆ ಎಂದು ದಿನವೂ ನೋಡುತ್ತಾಳೆ. "ನಿಜ್ವಾಗ್ಲೂ ಗಂಡ ಅವ್ನಾ?" ಎಂದು ಮೊನ್ನೆ ಕೇಳಿದಳು. ನಕ್ಕೆ.

ನಿಮ್ಮ
ತುಂಗಾ

*

ಯಶವಂತಪುರ
೩೧ ಜನವರಿ ೧೯೮೧

ತುಂಗಾ,

ಕಾಗದ ತಲುಪಿತು. ಯಲಹಂಕಕ್ಕೆ ಬಂದು ಹೋದದ್ದು ತಿಳಿಯಿತು. ಮೊದಲೇ ಹೇಳಿದ್ದರೆ ನಾನಾದರೂ ಸ್ಟೇಷನ್ನಿಗೆ ಬಂದು ನಿಲ್ಲುತ್ತಿದ್ದೆ. ಇರಲಿ.

ಗೂಡ್ಸ್ ಶೆಡ್ಡಿನಲ್ಲಿ ಕೆಲಸ ಬಹಳ. ಶನಿವಾರ ಮಧ್ಯಾಹ್ನವೂ ಡ್ಯೂಟಿ ಹಾಕಿಸಿಕೊಂಡಿದ್ದೇನೆ. ಭಾನುವಾರ ಅಮ್ಮನನ್ನು ಒಬ್ಬಳನ್ನೇ ಬಿಟ್ಟು ಬರುವುದು ಕಷ್ಟ.

ನಿನ್ನ ವರ್ಗಾವಣೆಯ ಅರ್ಜಿ ಏನಾಯಿತು? ಡಿಸೆಂಬರಿನಲ್ಲೇ ಪಟ್ಟಿ ಬರುತ್ತದೆ ಎಂದು ನೀನೇ ಹೇಳಿದ್ದೆ. ಮತ್ತಿಕೆರೆಯ ಶಾಲೆಯಲ್ಲಿ ಜಾಗ ಖಾಲಿ ಇದೆಯಂತೆ. ನೀನು ಹೋಗಿ ವಿಚಾರಿಸದಿದ್ದರೆ ಯಾರು ತಂದು ಕೈಗೆ ಕೊಡುತ್ತಾರೆ?

ಬಿಸಿಲಿನಲ್ಲಿ ಮನೆಮನೆ ತಿರುಗುವಾಗ ತಲೆಗೆ ಬಟ್ಟೆ ಹಾಕಿಕೋ.

ಬದರೀನಾಥ

*

ಮುತ್ತುಗದಕುಂಟೆ
೨೨ ಫೆಬ್ರವರಿ ೧೯೮೧

ನಿಮಗೆ ನಮಸ್ಕಾರ.

ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಇನ್ನೊಂದು ವರ್ಷ ಕಾಯಬೇಕು.

ಗಣತಿ ಮುಕ್ಕಾಲು ಪಾಲು ಮುಗಿಯಿತು. ಒಂದೂವರೆ ವರ್ಷದಿಂದ ಇಲ್ಲಿದ್ದರೂ ನನಗೆ ಈ ಊರು ಗೊತ್ತಿರಲಿಲ್ಲ ಎನ್ನುವುದು ಈಗ ಗೊತ್ತಾಯಿತು. ವಯಸ್ಸು ಕೇಳಿದರೆ "ಕೆರೆ ಕೋಡಿ ಬಿದ್ದ್ ವರ್ಷ ಉಟ್ಟಿದ್ದು" ಎನ್ನುತ್ತಾರೆ. ಗಂಡನ ಹೆಸರು ಕೇಳಿದರೆ ಹೆಂಗಸರು ಪಕ್ಕದ ಮನೆಯವಳ ಕೈಲಿ ಹೇಳಿಸುತ್ತಾರೆ. ಮುನಿಯಲ್ಲಮ್ಮ ಎನ್ನುವ ಮುದುಕಿ, ನಾಲ್ಕು ವರ್ಷದ ಹಿಂದೆ ತೀರಿಕೊಂಡ ಮಗನನ್ನೂ ಸೇರಿಸಿ ಎಂದು ಹಟ ಹಿಡಿದಳು. "ಅವ್ನ್ ಚಾಪೆ ಇನ್ನೂ ಇಲ್ಲೇ ಐತಲ್ಲವ್ವ" ಎಂದಳು. ಅವಳಿಗೆ ವಿವರಿಸಲು ಅರ್ಧ ಗಂಟೆ ಬೇಕಾಯಿತು.

ಕೆಲವು ಮನೆಗಳಲ್ಲಿ ಮಾತ್ರ ಇನ್ನೊಂದು ಪ್ರಶ್ನೆ ಇದೆ. ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದವು. ಮುನಿಕೆಂಪಮ್ಮನನ್ನು ಕೇಳಿದೆ. ಹುಟ್ಟಿದ್ದು ಏಳು, ಉಳಿದದ್ದು ಮೂರು. ಬೆರಳು ಮಡಚಿ ಹೇಳಿದ ಮೇಲೆ ನನ್ನ ಮುಖ ನೋಡಿ, "ನಿಂದೂ ಬರ್ಕೊ" ಎಂದಳು. ಜೀವ ಇದ್ದು ಹುಟ್ಟಿದ್ದನ್ನು ಮಾತ್ರ ಬರೆಯಬೇಕು, ಹೊಟ್ಟೆಯಲ್ಲೇ ಹೋದದ್ದಕ್ಕೆ ಜಾಗವಿಲ್ಲ ಎಂದೆ. "ಅದ್ಯಾವ್ ಸೀಮೆ ಲೆಕ್ಕ?" ಎಂದು ಬೈದು ಎದ್ದು ಹೋದಳು.

ಇದನ್ನು ನಿಮಗೆ ಬರೆಯಬಾರದಿತ್ತೇನೋ. ಬರೆದಾಯಿತು.

ಒಂದು ಮಾತು ಕೇಳಬೇಕು. ನನ್ನ ಹೆಸರು ಎಲ್ಲಿ ಬರೆಯಲಿ? ಒಬ್ಬರು ಒಂದೇ ಕಡೆ ಇರಬೇಕು. ಮೇಲ್ವಿಚಾರಕರು, "ಎಲ್ಲಾದ್ರೂ ಒಂದ್ ಕಡೆ ಬರ್ಕೊಳ್ಳಿ ಮೇಡಂ, ಎರಡ್ ಕಡೆ ಬರಬಾರದು ಅಷ್ಟೆ" ಎಂದರು. ನಮ್ಮ ಮನೆಗೆ ಗಣತಿಯವರು ಬಂದಿದ್ದರೇ? ನೀವು ಏನು ಹೇಳಿದಿರಿ? ಬೇಗ ಬರೆಯಿರಿ. ಪಂಚಪ್ಪ ಟಪಾಲು ತರುವುದು ಮಂಗಳವಾರ, ಶುಕ್ರವಾರ ಮಾತ್ರ.

ನಿಮ್ಮ
ತುಂಗಾ

*

ಯಶವಂತಪುರ
೨೭ ಫೆಬ್ರವರಿ ೧೯೮೧

ತುಂಗಾ,

ನಿನ್ನ ಕಾಗದ ನಿನ್ನೆ ಬಂತು. ಗಣತಿಯವರು ಹೋದ ಶುಕ್ರವಾರವೇ ಬಂದು ಹೋದರು. ರೇಲ್ವೆ ಗೇಟಿನ ಹತ್ತಿರದ ಶಾಲೆಯ ಮೇಷ್ಟ್ರು. "ಮನೇಲಿ ಎಷ್ಟು ಜನ?" ಎಂದರು. "ಇಬ್ಬರು" ಎಂದೆ. ಅಡುಗೆಮನೆಯಿಂದ ಅಮ್ಮ, "ಮೂರು ಜನ ಅನ್ನೋ" ಎಂದು ಕೂಗಿದಳು. "ಅವಳು ಇಲ್ಲಿಲ್ವಲ್ಲಮ್ಮ" ಎಂದೆ. "ಸೊಸೆ ಇಲ್ಲದ ಮನೆ ಅಂತ ಸರ್ಕಾರಕ್ಕೆ ಬರೆದುಕೊಡ್ತೀಯೇನೋ?" ಎಂದು ಅವಳು ಹೊರಗೇ ಬಂದುಬಿಟ್ಟಳು. ಮೇಷ್ಟ್ರು ಪೆನ್ನು ಹಿಡಿದು ನಮ್ಮಿಬ್ಬರ ಮುಖ ನೋಡುತ್ತ ಕೂತಿದ್ದರು. ಕೊನೆಗೆ ಇಬ್ಬರು ಎಂದೇ ಬರೆಸಿದೆ. ಎರಡು ದಿನ ಅಮ್ಮ ನನ್ನ ಜೊತೆ ಮಾತಾಡಲಿಲ್ಲ.

ನೀನು ಅಲ್ಲಿ ಬರೆದುಕೊಂಡೇ ಇರುತ್ತೀಯ ಎಂದುಕೊಂಡೆ. ಆ ಊರಿನ ಬಸ್ಸಿಗೆ ಒಂದು ತಲೆಯಾದರೂ ಹೆಚ್ಚಾಗಲಿ ಎಂದೂ ಅನ್ನಿಸಿತು. ವರ್ಷಕ್ಕೆ ಹನ್ನೆರಡು ದಿನ ಇಲ್ಲಿರುವವಳನ್ನು ಇಲ್ಲಿಯವಳು ಎನ್ನುವ ಧೈರ್ಯ ನನಗೆ ಬರಲಿಲ್ಲ.

ಬದರೀನಾಥ

*

ಮುತ್ತುಗದಕುಂಟೆ
೭ ಮಾರ್ಚ್ ೧೯೮೧

ನಿಮಗೆ ನಮಸ್ಕಾರ.

ಮಂಗಳವಾರ ಪಂಚಪ್ಪನಿಗೆ ಜ್ವರ. ನಿಮ್ಮ ಕಾಗದ ನಿನ್ನೆ ಮಧ್ಯಾಹ್ನ ನನ್ನ ಕೈಗೆ ಬಂತು. ಮೇಲ್ವಿಚಾರಕರು ಕಾಗದಪತ್ರಗಳ ಗಂಟು ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟುಹೋಗಿದ್ದರು.

ನಾನು ಇಲ್ಲಿ ನನ್ನ ಹೆಸರು ಬರೆದುಕೊಳ್ಳಲಿಲ್ಲ. ನೀವು ಅಲ್ಲಿ ಬರೆಸಿರುತ್ತೀರಿ ಎಂದು ನಂಬಿದ್ದೆ. ಬಾಡಿಗೆ ಕೋಣೆಯಲ್ಲಿ ಇದ್ದರೇನು, ಮನೆ ಯಾವುದು ಎಂದು ಕೇಳಿದರೆ ನಾನು ಯಶವಂತಪುರ ಎಂದೇ ಹೇಳುವುದು. ಈಗ ನಾನು ಎರಡು ಕಡೆಯೂ ಇಲ್ಲ. ಇಷ್ಟು ದೊಡ್ಡ ದೇಶದಲ್ಲಿ ತುಂಗಾ, ಇಪ್ಪತ್ತೆಂಟು ವರ್ಷ, ಶಿಕ್ಷಕಿ, ವಿವಾಹಿತೆ ಎನ್ನುವವಳು ಎಲ್ಲೂ ಇಲ್ಲ.

ತಮಾಷೆಗೆ ಬರೆದೆ. ಬೇಸರ ಮಾಡಿಕೊಳ್ಳಬೇಡಿ.

ಊರಿನ ಲೆಕ್ಕ ನಾನೂರ ಎಂಬತ್ತಾರಕ್ಕೆ ನಿಂತಿತು. "ಅದ್ನಾಕ್ ತಲೆ ತಾನೇ ಮೇಡಂ, ಬರ್ಕಳಿ. ಬೆಂಗ್ಳೂರ್ನಾಗೆ ಮೂಟೆ ಓರೋಕ್ ಓಗಿರೋ ಉಡುಗ್ರು ನಮ್ಮೋರಲ್ವಾ?" ಎಂದರು ಮುನಿಗಂಗಪ್ಪನವರು. ಅವರು ಅಲ್ಲೇ ಸಂಸಾರ ಹೂಡಿದ್ದಾರೆ, ಅಲ್ಲೇ ಬರೆಸಿರುತ್ತಾರೆ, ಎರಡು ಸಲ ಬರೆಯಲಾರೆ ಎಂದೆ. ಗೌಡರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು.

ಇಲ್ಲಿ ಎಲ್ಲ ಚೆನ್ನಾಗಿದೆ. ಶಾಲೆಗೆ ಮಕ್ಕಳು ಸ್ವಲ್ಪ ಕಡಿಮೆ. ಹುಣಸೆಹಣ್ಣು ಬಡಿಯುವ ಕಾಲ, ಅದಕ್ಕೇ ಇರಬೇಕು. ಈ ತಿಂಗಳು ಬರಲಾಗುವುದಿಲ್ಲ.

ತುಂಗಾ

*

ಯಶವಂತಪುರ
೨ ಏಪ್ರಿಲ್ ೧೯೮೧

ಪ್ರೀತಿಯ ತುಂಗಾ,

ಮೂರು ವಾರ ನಿನಗೆ ಬರೆಯಲಿಲ್ಲ. ಬರೆದು ಹರಿದುಹಾಕಿದೆ. ನೀನು ತಮಾಷೆ ಎಂದೆ. ಆ ಸಾಲು ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ನಾನು ನಿನಗೆ ಸುಳ್ಳು ಹೇಳುತ್ತ ಬಂದಿದ್ದೇನೆ. ಶನಿವಾರ ಮಧ್ಯಾಹ್ನ ನನಗೆ ಡ್ಯೂಟಿ ಇಲ್ಲ. ಒಂದು ವರ್ಷದಿಂದ ಪ್ರತಿ ಶನಿವಾರ ಬಸ್ಸಿನವರ ಕಚೇರಿಗೆ ಹೋಗುತ್ತಿದ್ದೇನೆ. ನಿನ್ನ ಊರಿಗೆ ಬಸ್ಸು ಹಾಕಿಸಬೇಕೆಂದು. ಅಲ್ಲಿ ಬೆಂಚಿನ ಮೇಲೆ ಕೂತೂ ಕೂತೂ ಜವಾನರಿಗೆಲ್ಲ ನಾನು "ಕುಂಟೆ ಸಾರ್" ಆಗಿದ್ದೇನೆ.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಹೇಳಿದರೆ ಹದಿನೇಳನೇ ನವೆಂಬರಿನ ಮಾತು ಎತ್ತಬೇಕಾಗುತ್ತಿತ್ತು.

ಎಪ್ಪತ್ತೊಂಬತ್ತರಲ್ಲಿ ನಾನು ಬರೆದ ಆ ಕಾರ್ಡು ನಿನಗೆ ನೆನಪಿದೆಯೋ ಇಲ್ಲವೋ. "ಈ ಶನಿವಾರ ತಪ್ಪದೆ ಬಾ, ಅಮ್ಮ ಹೋಳಿಗೆ ಮಾಡುತ್ತಾಳೆ" ಎಂದು ಬರೆದಿದ್ದೆ. ನಾಲ್ಕು ತಿಂಗಳ ಬಸುರಿಯನ್ನು ಐದು ಮೈಲಿ ನಡೆದು ಬಾ ಎಂದು ಕರೆದವನು ನಾನು. ಮಳೆ ಬಂತು, ದಾರಿಯ ಹಳ್ಳ ತುಂಬಿತು, ನೀನು ದಡದಲ್ಲಿ ಗಂಟೆಗಟ್ಟಲೆ ನೆನೆಯುತ್ತ ನಿಂತೆ. ಅಲ್ಲೇ ನೋವು ಶುರುವಾಯಿತು. ಎತ್ತಿನ ಗಾಡಿಯಲ್ಲಿ ನಿನ್ನನ್ನು ಯಲಹಂಕದ ಆಸ್ಪತ್ರೆಗೆ ಸೇರಿಸಲು ನಾಲ್ಕು ಗಂಟೆ ಹಿಡಿಯಿತಂತೆ. ನಾನು ಇತ್ತ ಮೂರು ಎಲೆ ಹಾಕಿಕೊಂಡು, ನೀನು ಯಾಕೆ ಬರಲಿಲ್ಲ ಎಂದು ಸಿಟ್ಟು ಮಾಡಿಕೊಂಡು ಕೂತಿದ್ದೆ.

ನೀನು ನನ್ನನ್ನು ಒಂದು ದಿನವೂ ಬೈಯಲಿಲ್ಲ. ಮನಸ್ಸಿನಲ್ಲಿ ಬೈದುಕೊಳ್ಳುತ್ತಿರಬೇಕು ಎಂದುಕೊಂಡೆ. ಆಮೇಲೆ ಯಾವ ಕಾಗದದಲ್ಲೂ ನಿನ್ನನ್ನು ಬಾ ಎಂದು ಕರೆಯಲು ನನ್ನ ಕೈ ಬರಲಿಲ್ಲ. ಒಂದು ಸಲ, ಮರುವರ್ಷ ಫೆಬ್ರವರಿಯಲ್ಲಿ, ರಜ ಸಿಗಲಿಲ್ಲ ಎಂದು ಬರೆದೆನಲ್ಲ, ಅದೂ ಸುಳ್ಳು. ಆ ದಿನ ನಾನು ಬಂದಿದ್ದೆ. ರಾಜಾನುಕುಂಟೆಯಲ್ಲಿ ಇಳಿದು, ಹಳ್ಳದವರೆಗೂ ನಡೆದೆ. ನೀರು ಒಣಗಿತ್ತು. ದಾಟಲು ಆಗಲಿಲ್ಲ. ಹಿಂದಕ್ಕೆ ಬಂದುಬಿಟ್ಟೆ.

ಇಷ್ಟೇ ನನ್ನ ತಪ್ಪೊಪ್ಪಿಗೆ. ಇನ್ನು ಬಸ್ಸಿನ ವಿಷಯ. ಅಲ್ಲಿ ಮುಜಫ್ಫರ್ ಎಂಬ ಹಿರಿಯ ಟೈಂ ಕೀಪರ್ ಇದ್ದಾರೆ. ಹೋದ ಶನಿವಾರ ಐನೂರಕ್ಕೆ ಹದಿನಾಲ್ಕು ಕಡಿಮೆ ಬಿತ್ತು ಎಂದು ಹೇಳಿಕೊಂಡೆ. ಅವರು ಚಹಾದ ಲೋಟ ಕೆಳಗಿಟ್ಟು ನಕ್ಕರು. "ಅರೆ ಸಾಬ್, ಸೆನ್ಸಸ್ ನಂಬರ್ ಬಿಡ್ರಿ. ಮನೇಲಿ ಮಲಗಿರೋರು ಟಿಕೆಟ್ ತಗೊಳಲ್ಲ. ದಿನಾ ಎಷ್ಟು ಜನ ಕಾಲ್ನಡಿಗೇಲಿ ಮೇನ್ ರೋಡಿಗೆ ಬರ್ತಾರೆ, ಅದು ಹೇಳ್ರಿ. ಅಕ್ಕಪಕ್ಕದ ಹಳ್ಳಿಯೋರನ್ನೂ ಸೇರಿಸ್ರಿ. ಏಳು ದಿನದ ಲೆಕ್ಕ ತಂದುಕೊಡ್ರಿ, ನಾನು ದೊಡ್ಡ ಸಾಹೇಬ್ರ ಮುಂದೆ ಇಡ್ತೀನಿ."

ಎಣಿಸಬೇಕಾದ ಜಾಗ ಹಳ್ಳ. ಎಲ್ಲ ದಾರಿಯೂ ಅಲ್ಲೇ ಸೇರುವುದು. ನಿನ್ನನ್ನು ಅಲ್ಲಿ ಹೋಗಿ ಕೂರು ಎಂದು ಹೇಗೆ ಹೇಳಲಿ? ಯಾರನ್ನಾದರೂ ಕೂರಿಸು.

ನಿನ್ನ
ಬದರಿ

*

ಮುತ್ತುಗದಕುಂಟೆ
೧೯ ಏಪ್ರಿಲ್ ೧೯೮೧

ನಿಮಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಆ ಕಾರ್ಡು ನನಗೆ ನೆನಪಿದೆ. ನೀವು ಕರೆದಿರಿ ಎಂದು ನಾನು ಹೊರಡಲಿಲ್ಲ. ಕರೆಯದಿದ್ದರೂ ಹೊರಡುತ್ತಿದ್ದೆ. ಆ ವಾರ ಹೊಟ್ಟೆಯಲ್ಲಿ ಮೀನು ಬಾಲ ಬಡಿದ ಹಾಗೆ ಮೊದಲ ಸಲ ಅನ್ನಿಸಿತ್ತು. ಅದನ್ನು ನಿಮಗೆ ಬಾಯಲ್ಲೇ ಹೇಳಬೇಕೆಂದು ಓಡಿ ಬರುತ್ತಿದ್ದೆ. ಮುನಿಕೆಂಪಮ್ಮ, "ಮೋಡ ಆಗೈತೆ, ನಾಳಿಕ್ ಓಗವ್ವ" ಎಂದು ಸೆರಗು ಹಿಡಿದು ನಿಲ್ಲಿಸಿದಳು. ಬಿಡಿಸಿಕೊಂಡು ಹೊರಟವಳು ನಾನು. ಇಷ್ಟು ದಿನ ನೀವು ನನ್ನನ್ನು ದೂರುತ್ತಿದ್ದೀರಿ, ಬಾಯಿ ಬಿಟ್ಟು ಹೇಳುತ್ತಿಲ್ಲ ಎಂದುಕೊಂಡಿದ್ದೆ.

ನಾನೂ ಸುಳ್ಳು ಹೇಳಿದ್ದೇನೆ. ವರ್ಗಾವಣೆಯ ಪಟ್ಟಿಯಲ್ಲಿ ನನ್ನ ಹೆಸರು ಬಾರದೆ ಇದ್ದದ್ದಲ್ಲ. ಅರ್ಜಿಯನ್ನು ನಾನೇ ವಾಪಸು ತೆಗೆದುಕೊಂಡೆ. ಆಸ್ಪತ್ರೆಯಿಂದ ಯಶವಂತಪುರಕ್ಕೆ ಬಂದು ಹದಿನೈದು ದಿನ ಇದ್ದೆನಲ್ಲ, ಆಗ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಅತ್ತೆ ಹಾಲು ಕಾಯಿಸಿ ತಂದುಕೊಟ್ಟು ಮುಖ ತಿರುಗಿಸಿ ಹೋಗುತ್ತಿದ್ದರು. ನೀವು ಪೇಪರು ಓದುತ್ತಿದ್ದಿರಿ. ಎಲ್ಲರೂ ನನಗೆ ನೋವಾಗದಿರಲಿ ಎಂದೇ ಹಾಗಿದ್ದದ್ದು, ಈಗ ಗೊತ್ತಾಗುತ್ತದೆ. ಆಗ ಗೊತ್ತಾಗಲಿಲ್ಲ. ಇಲ್ಲಿಗೆ ಬಂದ ದಿನ ಮುನಿಕೆಂಪಮ್ಮ ಬಾಗಿಲಲ್ಲೇ, "ನನ್ ಮಾತ್ ಕೇಳ್ದೆ ಓಗಿ ಮಗೀನ್ ಕಳ್ಕಂಡ್ ಬಂದ್ಯಲ್ಲೇ ಪಾಪಿ" ಎಂದು ಕೂಗಾಡಿ, ನನ್ನನ್ನು ತಬ್ಬಿಕೊಂಡು ತಾನೂ ಅತ್ತಳು. ಅಳಲು ಜಾಗ ಇದ್ದ ಊರನ್ನು ಬಿಟ್ಟು ಬರಲು ನನಗೆ ಆಗಲಿಲ್ಲ.

ಇನ್ನೊಂದು. ಮಾರ್ಚಿಯಲ್ಲಿ ಮಕ್ಕಳು ಕಡಿಮೆ ಎಂದು ಬರೆದಿದ್ದೆ. ಒಬ್ಬರೂ ಬರುತ್ತಿರಲಿಲ್ಲ. ಹದಿನಾಲ್ಕು ಹೆಸರು ಬರೆಯದ ಸಿಟ್ಟಿಗೆ ಊರೇ ಮಕ್ಕಳನ್ನು ಶಾಲೆ ಬಿಡಿಸಿತು. ಒಂಬತ್ತು ದಿನ ಖಾಲಿ ಕೋಣೆಯಲ್ಲಿ ಹಾಜರಿ ಪುಸ್ತಕ ತೆರೆದು ಕೂತಿದ್ದೆ. ಹತ್ತನೆಯ ದಿನ ಮುನಿಕೆಂಪಮ್ಮ ತನ್ನ ಮೊಮ್ಮಗಳನ್ನು ಕೈಹಿಡಿದು ತಂದು ಕೂರಿಸಿದಳು. ಆಮೇಲೆ ಒಬ್ಬೊಬ್ಬರೇ ಬಂದರು. ಮುನಿಗಂಗಪ್ಪನವರು ಮಾತ್ರ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು.

ಬೇಸಿಗೆ ರಜ ಶುರುವಾಗಿದೆ. ಯಾರನ್ನಾದರೂ ಕೂರಿಸು ಎಂದಿದ್ದಿರಿ. ನಾನೇ ಹೋಗುತ್ತೇನೆ. ನಾಳೆಯಿಂದ ಎಣಿಕೆ.

ನಿಮ್ಮ
ತುಂಗಾ

*

ಮುತ್ತುಗದಕುಂಟೆ
೨೭ ಏಪ್ರಿಲ್ ೧೯೮೧

ನಿಮಗೆ,

ಈ ಕಾಗದದ ಜೊತೆ ಏಳು ದಿನದ ಲೆಕ್ಕ ಇಟ್ಟಿದ್ದೇನೆ. ಮುಜಫ್ಫರ್ ಸಾಹೇಬರಿಗೆ ಕೊಡಿ.

ಮೊದಲ ದಿನ ಹಳ್ಳದ ದಿಬ್ಬದ ಮೇಲೆ ಕೂತಾಗ ಹಾಳೆ ತೆರೆಯದೆ ಆಚೆ ದಡವನ್ನೇ ನೋಡುತ್ತಿದ್ದೆ. ಮುನಿಕೆಂಪಮ್ಮ ಪಕ್ಕದಲ್ಲೇ ಕೂತು ಕನಕಾಂಬರ ಕಟ್ಟುತ್ತಿದ್ದಳು. ನನ್ನ ಕಡೆ ನೋಡಲೇ ಇಲ್ಲ. ಹಾಲಿನ ಕ್ಯಾನು ಹೊತ್ತವರು ಬೆಳಕು ಹರಿಯುವಾಗಲೇ ಬಂದರು. ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದ ಹಾಗೆ ಗೆರೆ ಎಳೆಯುವುದೇ ಕೆಲಸವಾಯಿತು.

ಎರಡನೆಯ ದಿನ ಬಿಸಿಲೇರಿದಾಗ ನನ್ನ ಮೇಲೆ ನೆರಳು ಬಿತ್ತು. ಮುನಿಗಂಗಪ್ಪನವರು ಕೊಡೆ ಹಿಡಿದು ನಿಂತಿದ್ದರು. "ನೀವು ಬಿಸ್ಲಾಗ್ ಕುಂತಿದ್ರೆ ನಾನು ಗೌಡ ಅನ್ನಿಸ್ಕಂಡು ಮನೇಲ್ ಮನ್ಗಿರೋದಾ?" ಎಂದರು. ಕೂತು ಎಣಿಸಲು ಶುರುಮಾಡಿದರು. ಸ್ವಲ್ಪ ಹೊತ್ತಿಗೆ, "ಅವತ್ತು ತಪ್ಪಾಯ್ತು" ಎಂದರು. ನಾನು ಲೆಕ್ಕದ ಹಾಳೆಯನ್ನು ಅವರ ಕಡೆಗೆ ಸರಿಸಿದೆ. ಅವರು ಒಂದು ತಲೆಯನ್ನೂ ಹೆಚ್ಚಿಗೆ ಎಣಿಸಲಿಲ್ಲ. ಹೆಂಡತಿಯ ತವರಿಗೆ ಹೊರಟ ನೆಂಟನೊಬ್ಬನನ್ನು ನಾನು ಸೇರಿಸಹೋದರೆ, "ಅವ್ನು ದಿನಾ ಓಗೋನಲ್ಲ, ಒಡ್ದಾಕಿ" ಎಂದರು.

ದಿನಕ್ಕೆ ಸರಾಸರಿ ತೊಂಬತ್ತಮೂರು ಜನ. ನಮ್ಮೂರು, ಆಚೆಯ ಎರಡು ಹಳ್ಳಿ ಸೇರಿ. ಹಾಲಿನವರು, ಹೂವಿನವರು, ದ್ರಾಕ್ಷಿ ಬುಟ್ಟಿಯವರು, ಕೂಲಿಗೆ ಹೋಗುವವರು, ಕೆಮ್ಮಿನ ಔಷಧಿಗೆಂದು ಹೋದ ಮುನಿಯಲ್ಲಮ್ಮ. ಹೈಸ್ಕೂಲಿನ ಪರೀಕ್ಷೆಗೆ ಹೋಗುವ ಹುಡುಗರು ಒಂಬತ್ತು. ಹುಡುಗಿಯರು ಒಬ್ಬರೂ ಇಲ್ಲ. ಐದು ಮೈಲಿ ಯಾರು ಕಳಿಸುತ್ತಾರೆ? ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಸಾಹೇಬರು ಅದನ್ನೂ ನೋಡಲಿ.

ಏಳು ದಿನ ಅಲ್ಲೇ ಕೂತೆ. ಈಗ ಅದು ಜನ ದಾಟುವ ಜಾಗ. ಮೊದಲಿನ ಹಾಗೆ ಬರೇ ನನ್ನದಲ್ಲ.

ಮುಂದಿನ ವಾರ ಊರಿಗೆ ಬರುತ್ತೇನೆ. ಸ್ಟೇಷನ್ನಿಗೆ ಬನ್ನಿ.

ನಿಮ್ಮ
ತುಂಗಾ

*

ಯಶವಂತಪುರ
೧೯ ಜುಲೈ ೧೯೮೧

ಪ್ರೀತಿಯ ತುಂಗಾ,

ಬಸ್ಸು ಮಂಜೂರಾಯಿತು. ಮುಜಫ್ಫರ್ ಸಾಹೇಬರು ಹಾಳೆಯನ್ನು ಕೈಗೆ ಕೊಟ್ಟರು. ಆರು ತಿಂಗಳು ಪರೀಕ್ಷೆಗೆ ಓಡಿಸುತ್ತಾರಂತೆ. ಜನ ಹತ್ತಿದರೆ ಖಾಯಂ. ಹಳ್ಳದ ಮೇಲೆ ಕಲ್ಲುಚಪ್ಪಡಿ ಹಾಕಿ ಊರಿನವರೇ ದಾರಿ ಸರಿಮಾಡಿಕೊಡಬೇಕು, ಡ್ರೈವರು ಕಂಡಕ್ಟರು ಮಲಗಲು ಜಾಗ ಕೊಡಬೇಕು. ನೈಟ್ ಹಾಲ್ಟ್ ಬಸ್ಸು. ಆಗಸ್ಟ್ ಹದಿನಾರು, ಭಾನುವಾರ ಸಂಜೆ ಮೊದಲ ಸಲ ಬರುತ್ತದೆ.

ಹಾಳೆಯ ಕೆಳಗೆ ವೇಳೆ ಬರೆದಿತ್ತು. ಅದನ್ನು ಎರಡು ಸಲ ಓದಿದೆ. ಇಲ್ಲಿಂದ ಹೊರಡುವುದು ಸಂಜೆ ಐದಕ್ಕೆ, ನಿನ್ನೂರು ಸೇರುವುದು ಆರೂವರೆಗೆ. ಅಲ್ಲೇ ನಿಂತು, ಬೆಳಿಗ್ಗೆ ಆರೂಕಾಲಕ್ಕೆ ಇತ್ತ ಹೊರಡುತ್ತದೆ. ಇಡೀ ದಿನದಲ್ಲಿ ಅಷ್ಟೇ. ನೀನು ಇಲ್ಲಿದ್ದುಕೊಂಡು ಶಾಲೆಗೆ ಹೋಗಿಬರಲು ಇದು ಉಪಯೋಗಕ್ಕೆ ಬರುವುದಿಲ್ಲ. ಇದರ ಮುಖ ಉಲ್ಟಾ. ಒಂದೂಕಾಲು ವರ್ಷ ಬೆಂಚು ಸವೆಸಿದ್ದು ನಿನ್ನನ್ನು ದಿನಾ ಮನೆಗೆ ಕರೆತರಲು. ಅದೊಂದು ಆಗಲಿಲ್ಲ.

ಊರಿನವರಿಗೆ ಹೇಳು. ಸಂತೋಷಪಡಲಿ.

ನಿನ್ನ
ಬದರಿ

*

ಮುತ್ತುಗದಕುಂಟೆ
೧೯ ಆಗಸ್ಟ್ ೧೯೮೧

ನಿಮಗೆ,

ಭಾನುವಾರ ನೀವು ಬಸ್ಸಿನಿಂದ ಇಳಿದಾಗ ನಾನು ಹೆಂಗಸರ ಗುಂಪಿನಲ್ಲಿ ಹಿಂದೆ ನಿಂತಿದ್ದೆ. ಮುನಿಗಂಗಪ್ಪನವರು ಡ್ರೈವರಿಗೆ ಹಾರ ಹಾಕಿ, ಕಂಡಕ್ಟರಿಗೆ ಹಾಕಿ, ಉಳಿದದ್ದನ್ನು ನಿಮ್ಮ ಕೊರಳಿಗೂ ಹಾಕಿದರು. ನೀವು ಯಾರೆಂದು ತಿಳಿದ ಮೇಲಂತೂ ಊರಿಗೆ ಊರೇ ಸುತ್ತಿಕೊಂಡಿತು. "ಇವ್ರೇನಾ ಮೇಡಮ್ಮೋರ್ ಯಜಮಾನ್ರು?" ಎಂದು ಮಕ್ಕಳು ನಿಮ್ಮ ಪ್ಯಾಂಟು ಮುಟ್ಟಿ ನೋಡಿದವು. ನಾನು "ಬಂದಿರಾ?" ಎಂದೆ. ನೀವು "ಬಂದೆ" ಎಂದಿರಿ. ಬೆಳಿಗ್ಗೆಯ ಬಸ್ಸಿಗೆ ಹೊರಟುಹೋದಿರಿ. ಮಧ್ಯೆ ಮನೆ ತುಂಬ ಜನ.

ಆವತ್ತು ಕೇಳಬೇಕೆಂದಿದ್ದದ್ದು ಇಷ್ಟೇ. ಬಸ್ಸು ಹಳ್ಳ ದಾಟುವಾಗ ಹೇಗಿತ್ತು?

ಊರಿನ ಸುದ್ದಿ. ಸೋಮವಾರದಿಂದ ಬಸ್ಸು ತುಂಬಿ ಹೋಗುತ್ತಿದೆ. ಮುನಿಕೆಂಪಮ್ಮ ಕಂಡಕ್ಟರಿಗೆ ಹೂವು ಕೊಟ್ಟು ಟಿಕೆಟ್ಟಿಗೆ ಸರಿಮಾಡಿಕೋ ಎಂದು ಜಗಳವಾಡಿದಳಂತೆ. ಏಳನೇ ತರಗತಿ ಮುಗಿಸಿ ಎರಡು ವರ್ಷದಿಂದ ಮನೆಯಲ್ಲೇ ಇದ್ದ ಗಂಗಾದೇವಿ ಯಲಹಂಕದ ಹೈಸ್ಕೂಲಿಗೆ ಸೇರಿದಳು. ಅವಳ ಅಪ್ಪ ಎರಡು ದಿನ ಬಸ್ಸಿನ ತನಕ ಬಂದು, ಡ್ರೈವರಿನ ಮುಖವನ್ನು ಚೆನ್ನಾಗಿ ನೋಡಿ, ಆಮೇಲೆ ಒಪ್ಪಿದ.

ಬಸ್ಸು ಎಲ್ಲರಿಗೂ ಆಯಿತು. ನಮಗೆ ಆಗಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಮುಂದಿನ ಡಿಸೆಂಬರಿಗೆ ವರ್ಗಾವಣೆಗೆ ಅರ್ಜಿ ಹಾಕುತ್ತೇನೆ. ಈ ಸಲ ವಾಪಸು ತೆಗೆದುಕೊಳ್ಳುವುದಿಲ್ಲ.

ನಿಮ್ಮ
ತುಂಗಾ

*

ಯಶವಂತಪುರ
೨೫ ಆಗಸ್ಟ್ ೧೯೮೧

ಪ್ರೀತಿಯ ತುಂಗಾ,

ಭಾನುವಾರ ಬಸ್ಸು ಹಳ್ಳ ದಾಟುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಸೋಮವಾರ ಬೆಳಿಗ್ಗೆ ತೆರೆದುಕೊಂಡೇ ಇದ್ದೆ. ಮೊಣಕಾಲುದ್ದ ನೀರು, ಎರಡು 
ಕೊಕ್ಕರೆ. ಒಣಗಿದ್ದಾಗ ನೋಡಿಯೂ ಅದು ಅಷ್ಟು ಸಣ್ಣ ಹಳ್ಳ ಎಂದು ನನಗೆ ಅನ್ನಿಸಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹಾಲಿನವನು, "ಯಾಕ್ ಸಾಮಿ, ಕಣ್ಣಿಗ್ ಧೂಳ್ ಬಿತ್ತಾ?" ಎಂದ. ಹೂಂ ಎಂದೆ.

ಈಗ ನಾನು ಹೇಳುವುದನ್ನು ಪೂರ್ತಿ ಓದಿ ಆಮೇಲೆ ಸಿಟ್ಟು ಮಾಡು. ಸೋಮವಾರ ಆರೂಕಾಲಕ್ಕೆ ನಿನ್ನೂರು ಬಿಟ್ಟವನು ಗೂಡ್ಸ್ ಶೆಡ್ಡಿನಲ್ಲಿ ರುಜು ಹಾಕಿದಾಗ ಎಂಟಕ್ಕೆ ಹತ್ತು ನಿಮಿಷ ಇತ್ತು. ನನ್ನ ಡ್ಯೂಟಿ ಎಂಟಕ್ಕೆ. ಬಿಡುವುದು ನಾಲ್ಕೂವರೆಗೆ. ಬಸ್ಸು ಐದಕ್ಕೆ. ಆ ವೇಳೆಯ ಹಾಳೆ ಒಂದು ತಿಂಗಳು ನನ್ನ ಜೇಬಿನಲ್ಲೇ ಇತ್ತು. ನಿನ್ನನ್ನು ಇಲ್ಲಿಗೆ ತರುವುದು ಹೇಗೆ ಎಂದೇ ನೋಡುತ್ತಿದ್ದೆ. ನಾನು ಅಲ್ಲಿಗೆ ಬರಬಹುದು ಎಂದು ಹೊಳೆಯಲೇ ಇಲ್ಲ.

ಅಮ್ಮನಿಗೆ ಹೇಳಿದೆ. ಅಕ್ಕಿ ಆರಿಸುತ್ತ ಕೂತಿದ್ದಳು. ಆಮೇಲೆ, "ಗಂಡಸು ಹೆಂಡತಿ ಊರಿಗೆ ಹೋಗಿ ಸಂಸಾರ ಮಾಡಿದರೆ ಜನ ಆಡಿಕೊಳ್ತಾರೆ ಕಣೋ" ಎಂದಳು. ಮೊರ ಕೆಳಗಿಟ್ಟಳು. "ಆಡಿಕೊಳ್ಳಲಿ ಬಿಡು. ಆ ಹುಡುಗಿ ಅತ್ತು ಬಂದಿತ್ತು, ನಾನು ಹಾಲು ಕೊಟ್ಟು ಒಳಗೆ ಹೋಗಿಬಿಟ್ಟೆ. ಅಲ್ಲಿ ಸಿಹಿನೀರಿನ ಬಾವಿ ಇದೆಯೇನೋ?" ಎಂದಳು. ಇದೆ ಎಂದೆ. ಇದೆಯಲ್ಲವೇ?

ಮುನಿಕೆಂಪಮ್ಮನವರ ಹಿತ್ತಲಿನ ಮನೆ ಖಾಲಿ ಇದೆ ಎಂದು ಆ ದಿನವೇ ಕಂಡೆ. ನಮಗೆ ಕೊಡುತ್ತಾರಾ ಕೇಳು. ನೀನು ಬೇಡ ಎಂದರೆ ಬರುವುದಿಲ್ಲ. ಸೆಪ್ಟೆಂಬರ್ ಐದು, ಶನಿವಾರ ಸಂಜೆಯ ಬಸ್ಸಿಗೆ ನಾನೂ ಅಮ್ಮನೂ ಹೊರಡಬಹುದು.

ನಿನ್ನ
ಬದರಿ

*

ಮುತ್ತುಗದಕುಂಟೆ
೨೯ ಆಗಸ್ಟ್ ೧೯೮೧, ಶನಿವಾರ

ನಿಮಗೆ,

ಇದನ್ನು ಪಂಚಪ್ಪನಿಗೆ ಕಾಯದೆ ನಾಳೆ ಬೆಳಿಗ್ಗೆ ಗಂಗಾದೇವಿಯ ಅಪ್ಪನ ಕೈಲಿ ಕಳಿಸುತ್ತೇನೆ. ಬಸ್ಸಿಗೆ ಹತ್ತಿ ನೇರ ನಿಮ್ಮ ಮನೆಗೆ ತಲುಪಿಸಿ ಬರುತ್ತಾನೆ.

ಬನ್ನಿ.

ಬಾವಿ ಇದೆ, ಸಿಹಿನೀರು. ಕರೆಂಟು ಇದೆ ಎನ್ನುವ ಹಾಗಿಲ್ಲ, ಇಲ್ಲ ಎನ್ನುವ ಹಾಗೂ ಇಲ್ಲ. ಮುನಿಕೆಂಪಮ್ಮ ಹಿತ್ತಲಿನ ಮನೆಗೆ ಸುಣ್ಣ ಹೊಡೆಸುತ್ತಿದ್ದಾಳೆ. ಬಾಡಿಗೆಯ ಮಾತು ಎತ್ತಿದರೆ ಬೈಯುತ್ತಾಳೆ. "ನಿಮ್ಮತ್ತೆಗೆ ಮುದ್ದೆ ಆಗಾಕಿಲ್ಲ, ಅಲ್ವಾ? ಮಡಿ ಅಂತಾರಾ? ಒಲೆ ಬ್ಯಾರೆ ಆಕ್ಸ್ತೀನಿ ಬಿಡು" ಎಂದಳು. ಅತ್ತೆಯವರು ತಂದ ಹಾಲನ್ನು ನಾನು ಕುಡಿಯುತ್ತಿದ್ದೆ, ಒಂದು ದಿನವೂ ಚೆಲ್ಲಲಿಲ್ಲ ಎಂದು ಅವರಿಗೆ ಹೇಳಿ.

ನನಗೆ ಹೆದರಿಕೆಯೂ ಇದೆ. ಮದುವೆಯಾಗಿ ಐದು ವರ್ಷ. ಕಾಗದದಲ್ಲಿ ಬರೆಯುವಷ್ಟು ಚೆನ್ನಾಗಿ ನಾನು ಎದುರಿಗೆ ಮಾತಾಡಲಾರೆ. ನೀವೂ ಅಷ್ಟೆ. ಒಂದೇ ಮನೆಯಲ್ಲಿ ದಿನಾ ಬೆಳಿಗ್ಗೆ ಎದ್ದು ಒಬ್ಬರ ಮುಖ ಒಬ್ಬರು ನೋಡುವ ಅಭ್ಯಾಸ ನಮಗೆ ತಪ್ಪಿಹೋಗಿದೆ. ಜಗಳವಾಗಬಹುದು. ಆದಾಗ ಪೇಪರು ಹಿಡಿದು ಕೂರಬೇಡಿ. ನಾನೂ ತಮಾಷೆಗೆ ಹೇಳಿದೆ ಎನ್ನುವುದಿಲ್ಲ.

ಈ ಊರಿನಲ್ಲಿ ಹೆಂಡತಿ ಗಂಡನಿಗೋಸ್ಕರ ಬಸ್ಸಿನ ಹತ್ತಿರ ಹೋಗಿ ನಿಲ್ಲುವುದಿಲ್ಲ. ಬಾಗಿಲಲ್ಲಿ ನಿಲ್ಲುತ್ತಾರೆ. ನಾನು ಶನಿವಾರ ಆರು ಗಂಟೆಗೇ ಬಸ್ಸು ಬರುವಲ್ಲಿಗೆ ಹೋಗಿ ನಿಲ್ಲುತ್ತೇನೆ. ಅತ್ತೆಯವರ ಕೈಯಿಂದ ಚೀಲ ತೆಗೆದುಕೊಂಡು, ನಿಮ್ಮ ಪಕ್ಕದಲ್ಲೇ ನಡೆದು ಬರುತ್ತೇನೆ. ಊರೆಲ್ಲ ನೋಡಲಿ.

ನಿಮ್ಮ
ತುಂಗಾ